ನಮ್ಮ ಓಣಿಯ ಗುರುಗಳಿಗೆ ಒಂದು ವರ್ಷದ ಧನ್ಯವಾದ

ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಗೆ ತಮಗೆ ಬರುವ ಕೆಲಸವನ್ನು ಒಬ್ಬರಿಗೊಬ್ಬರು ಕಲಿಸಿಕೊಡುವ ನಮ್ಮ ಓಣಿಯ ಭಾನುವಾರದ ಕಲಿಕೆಗೆ ಒಂದು ವರ್ಷ ತುಂಬಿತು. ಯಾರಿಗೂ ಶಾಲು ಹೊದಿಸಲಿಲ್ಲ, ಹಾರ ಹಾಕಲಿಲ್ಲ. ಅದೆಲ್ಲ ಬೇಡ ಅಂತ ಎಲ್ಲರೂ ಮೊದಲೇ ಹೇಳಿಬಿಟ್ಟಿದ್ದರು. ಆದರೆ ಕಲಿಸಿದವರಿಗೆ ಒಂದು ಮಾತು ಹೇಳಬೇಕಲ್ವಾ? ಎದುರಿಗೆ ಹೇಳಲು ಹೋದರೆ "ಇರಲಿ ಬಿಡವಾ" ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗದಗ-ಬೆಟಗೇರಿಯ ಅಂಚಿನಲ್ಲಿರುವ ಹೊಸ ಬಡಾವಣೆ ನಮ್ಮದು. ರೋಣದ ಕಡೆಯವರಿದ್ದೇವೆ, ಮುಂಡರಗಿ ಕಡೆಯವರಿದ್ದೇವೆ, ಬೆಟಗೇರಿಯ ಹಳೆಯ ಓಣಿಗಳನ್ನು ಬಿಟ್ಟು ಬಂದವರಿದ್ದೇವೆ. ಎಲ್ಲರೂ ಮನೆ ಕಟ್ಟಿಸಿಕೊಂಡೆವು, ಗೇಟು ಹಾಕಿಕೊಂಡೆವು. ಹಳೆಯ ಓಣಿಗಳಲ್ಲಿ ಮನೆ ಮುಂದೆ ಕಟ್ಟೆ ಇರುತ್ತದೆ, ಸಂಜೆಯಾದರೆ ನಾಲ್ಕು ಜನ ಕೂಡುತ್ತಾರೆ. ಇಲ್ಲಿ ಕಟ್ಟೆಯೇ ಇರಲಿಲ್ಲ. ನಲ್ಲಿ ನೀರು ಬಂದ ದಿನ ಪೈಪು ಹಿಡಿದು ಹೊರಗೆ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಅಷ್ಟೇ.

ಮೊದಲ ಧನ್ಯವಾದ ಮೂಲೆಮನೆಯ ಅಜ್ಜಿಗೆ. ಕಳೆದ ವರ್ಷ ಅಮಾವಾಸ್ಯೆಯ ಹಿಂದಿನ ದಿನ ನಾವೆಲ್ಲ ಪೇಟೆಯಿಂದ ಮಣ್ಣಿನ ಎತ್ತು ಕೊಂಡು ತರುತ್ತಿದ್ದೆವು. ಅಜ್ಜಿ ಗೇಟಿನಲ್ಲಿ ನಿಂತು, "ಸುತ್ತ ಎರಿ ಹೊಲ ಇಟ್ಕೊಂಡು ಮಣ್ಣೆತ್ತು ರೊಕ್ಕಾ ಕೊಟ್ಟು ತರ್ತೀರೇನ್ರವಾ?" ಎಂದರು. ಬೈದಂತೆ ಇರಲಿಲ್ಲ, ನಿಜವಾಗಲೂ ಸಂಕಟಪಟ್ಟು ಕೇಳಿದರು. ಮಾರನೇ ದಿನ ಬೆಳಿಗ್ಗೆ ಅವರ ಮನೆಯ ಎದುರಿನ ಖಾಲಿ ಸೈಟಿನಲ್ಲಿ ಮಕ್ಕಳೆಲ್ಲ ಮಣ್ಣಿನಲ್ಲಿದ್ದರು. ಹೆಂಟೆ ಒಡೆದು ಸಣ್ಣಗೆ ಕುಟ್ಟಬೇಕು, ಹರಳು ತೆಗೆಯಬೇಕು, ನೆನೆಸಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಬೇಕು. ಬಿಸಿಲಿಗಿಟ್ಟರೆ ಎರಿ ಮಣ್ಣು ಬಿರಿಯುತ್ತದೆ, ನೆರಳಲ್ಲೇ ಒಣಗಬೇಕು. ಕಣ್ಣಿಗೆ ಜೋಳದ ಕಾಳು. ಎತ್ತಿನ ಮುಂದೆ ಮೇವಿಗೆ ಗ್ವಾದಲಿ ಇರಲೇಬೇಕು, ಇಲ್ಲದಿದ್ದರೆ ಎತ್ತು ಉಪವಾಸ ಎಂದು ಅಜ್ಜಿ ಹೇಳಿದ ಮೇಲೆ ಮಕ್ಕಳು ಎತ್ತಿಗಿಂತ ದೊಡ್ಡ ಗ್ವಾದಲಿ ಮಾಡಿದರು.

ಮಾರನೇ ದಿನ ಅಜ್ಜಿಯೇ ಒಂದು ಎತ್ತಿನ ಕಾಲು ಮುರಿದು ಹಲಗೆಯ ಮೇಲಿಟ್ಟು ಮಕ್ಕಳ ಕೈಗೆ ಕೊಟ್ಟರು. ಕುಂಟೆತ್ತು ಬಂದಿದೆ, ಜೋಳ ನೀಡಿ ಎಂದು ಮನೆ ಮನೆಗೆ ಹೋಗುವ ಆಟ. ನಾವೆಲ್ಲ ಊರಲ್ಲಿ ಆಡಿದ್ದೇ. ನಮ್ಮ ಮಕ್ಕಳಿಗೆ ಮಾತ್ರ ಗೊತ್ತಿರಲಿಲ್ಲ. ಆ ದಿನ ಓಣಿಯ ಎಲ್ಲ ಗೇಟುಗಳೂ ತೆರೆದವು. ಯಾವ ಮನೆಯಲ್ಲಿ ಯಾರಿದ್ದಾರೆ ಎನ್ನುವುದು ದೊಡ್ಡವರಿಗಿಂತ ಮೊದಲು ಮಕ್ಕಳಿಗೆ ಗೊತ್ತಾಯಿತು.

ಕೂಡಿದ ಜೋಳ ಬೀಸಿಸಿಕೊಂಡು ಬಂದ ಮೇಲೆ ರೊಟ್ಟಿ ಬಡಿಯಬೇಕಲ್ಲ. ಬಾಡಿಗೆ ರೂಮಿನಲ್ಲಿರುವ ಹುಡುಗರು, ಕೆಲಸಕ್ಕೆಂದು ಬೇರೆ ಊರಿನಿಂದ ಬಂದವರು, "ನಮಗೂ ಕಲಿಸ್ರಿ ಅಕ್ಕಾರ" ಎಂದರು. ಎರಡನೇ ಮನೆಯ ಕಾಕು ಮೊದಲು ಒಪ್ಪಲಿಲ್ಲ. "ನನಗೇನ ಬರತೈತಿ ಕಲಸಾಕ? ಬರೇ ರೊಟ್ಟಿ ಬಡಿಯೋದು" ಎಂದರು. ಬರೇ ರೊಟ್ಟಿ! ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಎಸರು ಕುದಿಸಿ ಹಾಕಿ, ಬಿಸಿ ಇರುವಾಗಲೇ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಬಡಿಯುವಾಗ ಅಂಗೈ ಎಲ್ಲಿ ಭಾರ ಬಿಡಬೇಕು, ಬೆರಳು ಎಲ್ಲಿ ತಿರುವಬೇಕು, ಹಂಚಿಗೆ ಹಾಕಿದ ಮೇಲೆ ಯಾವ ಹೊತ್ತಿಗೆ ನೀರು ಸವರಬೇಕು ಎನ್ನುವುದು ನೋಡಿ ಮಾಡಿಯೇ ಬರಬೇಕು. ಹುಡುಗರು ಕಲಿತರು. ಅಂಚು ಹರಿದ ರೊಟ್ಟಿಗಳನ್ನು ಎಲ್ಲರೂ ಕೂತು ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಕಾಕು, ನೀವು ಅವತ್ತು ಒಪ್ಪಿಕೊಂಡಿರಿ ಅಂತಲೇ ಮುಂದಿನದೆಲ್ಲ ಆಯಿತು. ನಿಮ್ಮನ್ನು ನೋಡಿ ಉಳಿದವರಿಗೂ ತಮಗೆ ಬರುವುದನ್ನು ಹೇಳಲು ಧೈರ್ಯ ಬಂತು.

ಒಂದು ವಿಷಯ ಈ ವರ್ಷ ನನಗೆ ಗಟ್ಟಿಯಾಗಿ ಗೊತ್ತಾಗಿದೆ. "ಮೀಟಿಂಗ್ ಇದೆ ಬನ್ನಿ" ಅಂದರೆ ಜನ ಬರುವುದಿಲ್ಲ. "ನಿಮಗೇನಾದರೂ ಸಹಾಯ ಬೇಕಾ" ಅಂದರೆ ಬೇಡ ಅನ್ನುತ್ತಾರೆ. "ನೀವು ಮಾಡುವ ಆ ಕೆಲಸ ನನಗೂ ಕಲಿಸ್ತೀರಾ?" ಎಂದು ಕೇಳಿದರೆ ಮಾತ್ರ ಮುಖ ಅರಳುತ್ತದೆ. ಒಳಗೆ ಕರೆಯುತ್ತಾರೆ, ಚಹಾ ಕೊಡುತ್ತಾರೆ, ಮುಂದಿನ ವಾರ ತಾವೇ ಬರುತ್ತಾರೆ.

ಪ್ರೆಸ್ ಕಾಕಾ ಹಾಗೆಯೇ ಬಂದರು. ಗದಗ ಮುದ್ರಣಕ್ಕೆ ಹೆಸರಾದ ಊರು, ಎಲ್ಲರಿಗೂ ಗೊತ್ತು. ಅವರು ಸೀಸದ ಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸಿನಲ್ಲಿ ದುಡಿದವರು. ನಿವೃತ್ತರಾದ ಮೇಲೆ ಮನೆಯಿಂದ ಹೊರಗೆ ಬರುವುದೇ ಅಪರೂಪವಾಗಿತ್ತು. ಒಮ್ಮೆ ಯಾರೋ ಕೇಳಿದರು, ಹಳೆಯ ನೋಟ್‌ಬುಕ್‌ಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಏನು ಮಾಡೋದು ಅಂತ. ಕಾಕಾ ಸೂಜಿ, ದಾರ, ದಬ್ಬಣ ತಂದರು. ಅಂಟಿಸಲು ಮೈದಾ ಹಿಟ್ಟಿನ ಖಳಿ ಕಾಸಿದರು, ಹುಳ ಹಿಡಿಯದಿರಲಿ ಎಂದು ಅದಕ್ಕೆ ಮೈಲುತುತ್ತ ಹಾಕಿ, ಆ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಟ್ಟರು. ಹಾಳೆ ಮಡಚುವುದು, ಹೊಲಿಯುವುದು, ರಟ್ಟು ಕೂರಿಸಿ ಮೇಲೆ ಭಾರ ಇಟ್ಟು ಒಣಗಿಸುವುದು ಎಲ್ಲ ತೋರಿಸಿದರು. ನಮ್ಮ ಓಣಿಯ ಮಕ್ಕಳ ರಫ್ ಬುಕ್‌ಗಳು ಈಗ ಅವರೇ ಹೊಲಿದವು. ಕಾಕಾ, ನಿಮ್ಮ ಕೈಯ ಅಚ್ಚುಕಟ್ಟು ನೋಡಿ ನನ್ನ ಮಗ ಹೋಮ್‌ವರ್ಕನ್ನೂ ಗೆರೆ ಹೊಡೆದು ಬರೆಯುತ್ತಾನೆ.

ಬೆಟಗೇರಿಯ ಮಗ್ಗದ ಮನೆತನದ ಅಜ್ಜನಿಗೂ ನಮಸ್ಕಾರ. ಮಗ್ಗದ ಉದ್ದದ ಎಳೆಗಳಿಗೆ ಹಾಸು ಅನ್ನುತ್ತಾರೆ. ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಕೆಚ್ಚುವುದು, ಅಂದರೆ ಹೊಸೆದು ಸೇರಿಸುವುದು, ಹೇಗೆಂದು ತೋರಿಸಿದರು. ಬೆರಳಿಗೆ ಬೂದಿ ಮುಟ್ಟಿಸಿ ಒಂದೊಂದೇ ಎಳೆ ಹೊಸೆಯುತ್ತಾ ಹೋದರು. ಗಂಟು ಎಲ್ಲಿದೆ ಎಂದು ಹುಡುಕಿದರೂ ಕಾಣಲಿಲ್ಲ. ಸೀರೆಯೊಂದರಲ್ಲಿ ಹೀಗೆ ಸಾವಿರಾರು ಎಳೆ ಅಂದಾಗ ಹುಡುಗಿಯರು ತಮ್ಮ ಅವ್ವಂದಿರ ಸೆರಗು ಹಿಡಿದು ನೋಡತೊಡಗಿದರು.

ಸೈಕಲ್ ಅಂಗಡಿಯ ಹುಡುಗ ಪಂಕ್ಚರ್ ತಿದ್ದುವುದನ್ನು ಕಲಿಸಿದ. ಟ್ಯೂಬು ಬುಟ್ಟಿಯ ನೀರಿಗೆ ಹಾಕಿ ಗುಳ್ಳೆ ಎಲ್ಲಿ ಏಳುತ್ತದೆ ನೋಡುವುದು, ಉಜ್ಜುವುದು, ಸೊಲ್ಯೂಷನ್ ಹಚ್ಚಿ ಸ್ವಲ್ಪ ಆರಿದ ಮೇಲೆ ಪ್ಯಾಚ್ ಅಂಟಿಸುವುದು. ಮುಂದೆ ಕೂತವರಲ್ಲಿ ಹೈಸ್ಕೂಲಿನ ಹುಡುಗಿಯರೇ ಜಾಸ್ತಿ. ನಾಗರ ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ ತಮ್ಮಂದಿರಿಗೆ, ಬೆಲ್ಲದ ಆಣ (ಪಾಕ) ಯಾವಾಗ ಉಂಡಿಗೆ ಬಂತು ಎಂದು ನೀರಿನ ಬಟ್ಟಲಲ್ಲಿ ಹನಿ ಬಿಟ್ಟು ತೋರಿಸಿದ ವೈನಿಯವರಿಗೆ, ಎಳ್ಳ ಅಮಾವಾಸ್ಯೆಗೆ ಇಡೀ ಓಣಿಯನ್ನು ತಮ್ಮ ಹೊಲಕ್ಕೆ ಕರೆದು ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಿಸಿ ಊಟ ಹಾಕಿದ ರೋಣದ ಕಡೆಯ ಗೌಡರ ಮನೆಯವರಿಗೆ, ಹೋಳಿ ಹಬ್ಬಕ್ಕೆ ಹಲಗೆ ಬಾರಿಸಲು ಕಲಿಸಿದ ಅಣ್ಣನಿಗೆ, ಎಲ್ಲರಿಗೂ ಧನ್ಯವಾದ.

ಇನ್ನು ನಮ್ಮ ಮನೆಯ ಮಾತು.

ಮಹಾನವಮಿ ಮುಗಿದ ಮೇಲೆ ನಮ್ಮ ಅತ್ತೆಯವರು ಅಂಗಳದಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ನಾನೂ ನಮ್ಮ ಮನೆಯವರೂ ಅಲ್ಲಿದ್ದೆವು, ಮಕ್ಕಳು ಇಲ್ಲಿ. ಮಕ್ಕಳಿಗೆ ಒಂದು ಹೊತ್ತೂ ಊಟ ತಪ್ಪಲಿಲ್ಲ. ಹುಡುಗರು ತಮ್ಮ ರೂಮಿನಲ್ಲಿ ರೊಟ್ಟಿ ಬಡಿದು ತಂದು ಕೊಟ್ಟಿದ್ದಾರೆ. ಕಾಕು ಪಲ್ಯ ಕಳಿಸಿದ್ದಾರೆ. ರಾತ್ರಿ ಪ್ರೆಸ್ ಕಾಕಾ ನಮ್ಮ ಪಡಸಾಲೆಯಲ್ಲೇ ಮಲಗಿದ್ದಾರೆ. ನಾನು ಯಾರಿಗೂ ಕೇಳಿರಲಿಲ್ಲ.

ಅತ್ತೆಯವರು ಮನೆಗೆ ಬಂದ ಮೇಲೆ ಕಷ್ಟ ಜಾಸ್ತಿಯಾಯಿತು. ನೋವು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಇನ್ನು ತನ್ನಿಂದ ಯಾರಿಗೂ ಉಪಯೋಗವಿಲ್ಲ ಎನ್ನುವುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಆಗ ಮೇಲಿನ ಮನೆಯ ವೈನಿ ಒಂದು ದಿನ ಅವರ ಹಳೆಯ ಕಪ್ಪು ಚಂದ್ರಕಾಳಿ ಸೀರೆಯ ಕಸೂತಿ ನೋಡಿದರು. "ಅತ್ತೀ, ಇದನ್ನ ನೀವ ಹಾಕಿದ್ದೇನ್ರಿ? ನಮಗೂ ಕಲಸ್ರಿ" ಎಂದರು. ಅತ್ತೆ ತಿರುಗಿ ನೋಡಿದರು.

ಮುಂದಿನ ಭಾನುವಾರ ಖಾಲಿ ಸೈಟಿನ ಬದಲು ನಮ್ಮ ಮನೆಯ ನಡುಮನೆಯಲ್ಲಿ ಎಲ್ಲರೂ ಕೂತರು. ಹಾಸಿಗೆಯ ಸುತ್ತ ಹುಡುಗಿಯರು. ಕಸೂತಿಗೆ ಗುರುತು ಹಾಕಿಕೊಳ್ಳುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವ ಹಾಗೂ ಇಲ್ಲ. ಗವಂತಿ ಮತ್ತು ಮುರಗಿ ಎನ್ನುವ ಹೊಲಿಗೆಗಳು ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುವುದು. ಆಮೇಲೆ ನೇಯ್ಗೆ, ಮೆಂತೆ ಹೊಲಿಗೆಗಳು. ಅತ್ತೆಯವರಿಗೆ ಕಣ್ಣು ಮಂಜು. ಹುಡುಗಿಯರ ಬಟ್ಟೆ ತಿರುವಿ, ಹಿಂಬದಿಯಲ್ಲಿ ಬೆರಳಾಡಿಸಿ, "ಇಲ್ಲಿ ಗಂಟು ಹಾಕೀಯಲ್ಲ, ಬಿಚ್ಚು" ಎನ್ನುತ್ತಿದ್ದರು. ಒಬ್ಬರ ಗಂಟೂ ಅವರ ಬೆರಳಿಗೆ ತಪ್ಪುತ್ತಿರಲಿಲ್ಲ. ಚಿತ್ತಾರಗಳಲ್ಲಿ ಮೊದಲು ಚಿಕ್ಕಿ (ನಕ್ಷತ್ರ), ಆಮೇಲೆ ತುಳಸಿಕಟ್ಟೆ, ಗೋಪುರ. ಆನೆ ಅಂಬಾರಿ ಕಲಿಸುವ ಹೊತ್ತಿಗೆ ಅವರು ದಿಂಬಿಗೆ ಒರಗಿ ಕೂರುತ್ತಿದ್ದರು. ಸಂಕ್ರಾಂತಿಗೆ ವಾಕರ್ ಹಿಡಿದು ಬಾಗಿಲ ತನಕ ಬಂದರು. ಡಾಕ್ಟರು ಔಷಧ ಕೊಟ್ಟರು, ಫಿಜಿಯೋಥೆರಪಿ ಮಾಡಿಸಿದರು, ಅವರಿಗೆ ನಾವು ಋಣಿ. ಆದರೆ ವ್ಯಾಯಾಮ ಮಾಡುವ ಮನಸ್ಸು ಕೊಟ್ಟವರು ಆ ಹುಡುಗಿಯರು. ವೈನಿ, ನಿಮ್ಮ ಆ ಒಂದು ಪ್ರಶ್ನೆಯ ಋಣ ನಮ್ಮ ಮನೆಯ ಮೇಲೆ ಯಾವತ್ತೂ ಇರುತ್ತದೆ.

ಸಾಮಾನಿನ ಪೆಟ್ಟಿಗೆಯ ಬಗ್ಗೆಯೂ ಹೇಳಬೇಕು. ಏಣಿ, ಡ್ರಿಲ್, ದೊಡ್ಡ ಪಾತೆಲೆ, ಇಡ್ಲಿ ಸ್ಟ್ಯಾಂಡು, ವಾಕರ್ ಸಹ, ಈಗ ಓಣಿಗೆಲ್ಲ ಒಂದೇ ಕಡೆ ಇವೆ. ಇದಕ್ಕೆ ಲೆಕ್ಕದ ವಹಿ ಇಡಬೇಕು ಎಂದು ಹಟ ಹಿಡಿದವರು ಕಣಗಿನಹಾಳ ಕಡೆಯ ಹಿರಿಯರು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ಊರಿನವರು ಲೆಕ್ಕ ಬಿಡುತ್ತಾರೆಯೇ? ಯಾರು ಒಯ್ದರು, ಯಾವಾಗ ತಂದರು ಎಲ್ಲ ಅವರ ಕೈಬರಹದಲ್ಲಿದೆ. ನಂಬಿಕೆ ಇದ್ದಲ್ಲಿ ಲೆಕ್ಕ ಯಾಕೆ ಎಂದು ಕೆಲವರು ಕೇಳಿದರು. ಲೆಕ್ಕ ಇರುವುದರಿಂದಲೇ ಒಂದು ಸಾಮಾನಿಗೂ ಜಗಳ ಆಗಿಲ್ಲ ಅಂತ ನನಗನ್ನಿಸುತ್ತದೆ. ಯಜಮಾನರೇ, ಆ ವಹಿಗೆ ದೊಡ್ಡ ನಮಸ್ಕಾರ.

ಕೊನೆಗೆ ಸೈಟಿನ ಮಾಲೀಕರಿಗೆ. ಬೇಲಿ ಹಾಕಿಕೊಳ್ಳಬಹುದಿತ್ತು. ಹಾಕಲಿಲ್ಲ. ಮುಳ್ಳುಕಂಟಿ ಕಡಿಸಿ, ಒಂದು ಬಲ್ಬು ಕಟ್ಟಿಸಿ ಕೊಟ್ಟರು. ಶ್ರಾವಣದ ನಂತರ ಅಲ್ಲಿ ಅವರ ಮನೆ ಕೆಲಸ ಶುರುವಾಗುತ್ತದೆ. ಪಾಯ ತೋಡುವಾಗ ಬೇವಿನ ಮರ ಉಳಿಸುತ್ತೇವೆ ಎಂದಿದ್ದಾರೆ. ಅವರ ಮನೆ ಚೆನ್ನಾಗಿ ಎದ್ದು ನಿಲ್ಲಲಿ, ಬೇಗ ಓಣಿಗೆ ಬಂದು ಸೇರಲಿ.

ಅಲ್ಲಿಯವರೆಗೆ ಅದೇ ಜಾಗ, ಅದೇ ಐದು ಗಂಟೆ. ಆಷಾಢದ ಮಂಗಳವಾರಗಳಲ್ಲಿ ಅಜ್ಜಿ ಹೆಣ್ಣುಮಕ್ಕಳ ಕೈಯಿಂದ ಪೂಜೆಗೆ ಮಣ್ಣಿನ ಗುಳ್ಳವ್ವನನ್ನು ಮಾಡಿಸುತ್ತಾರೆ, ಮಣ್ಣು ಈಗಾಗಲೇ ತಂದಿಟ್ಟಿದ್ದೇವೆ. ಬರುವ ಭಾನುವಾರ ಕೊಡೆ ರಿಪೇರಿ, ಕಡ್ಡಿ ಮುರಿದ ಕೊಡೆಗಳಿದ್ದರೆ ತನ್ನಿ. ಶ್ರಾವಣದ ನಂತರ ಎಲ್ಲಿ ಕೂರೋಣ ಎನ್ನುವುದು ಇನ್ನೂ ಗೊತ್ತಾಗಿಲ್ಲ. ಹಿತ್ತಿಲು, ಟೆರೇಸು ದೊಡ್ಡದಿರುವವರು ದಯವಿಟ್ಟು ನನಗೋ ಪ್ರೆಸ್ ಕಾಕಾ ಅವರಿಗೋ ಹೇಳಿ.