ಕರಾವಳಿಯ ರೇಲಿಂಗ್‌ಗೆ ಯಾವ ಸ್ಟೀಲ್?

ಮಾನ್ಯರೇ,

ಕಡಲಿಗೆ ಹತ್ತಿರದ ಹೊಸ ಮನೆಗಳಲ್ಲಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸ್ಟೀಲ್ ರೇಲಿಂಗ್ ಮೇಲೆ ಕಂದು ಚುಕ್ಕೆ ಏಳುವುದು ಸಾಮಾನ್ಯ. ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದು ಎಂದಲ್ಲ. ಕನಿಷ್ಠ ಶೇ 10.5 ಕ್ರೋಮಿಯಂ ಇದ್ದರೆ ಮೇಲ್ಮೈಯಲ್ಲಿ ತುಕ್ಕು ತಡೆಯುವ, ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಗಾಳಿ ತಾಗಿ ಮತ್ತೆ ಕೂಡಿಕೊಳ್ಳುತ್ತದೆ. ಉಪ್ಪುಗಾಳಿಯ ಕ್ಲೋರೈಡ್ ಈ ಪೊರೆಯನ್ನೇ ಅಲ್ಲಲ್ಲಿ ಕೊರೆಯುತ್ತದೆ.

ಅಗ್ಗಕ್ಕೆ ಸಿಗುವ 202 ಗ್ರೇಡ್‌ನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಒಳಾಂಗಣಕ್ಕೆ ಸಾಕು, ಕಡಲ ಬದಿಗೆ ಬೇಡ. 304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್. ಶೇ 2ರಿಂದ 3 ಮಾಲಿಬ್ಡಿನಂ ಇರುವ 316 ಮಾತ್ರ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ, ದುಬಾರಿ, ನಿಜ. ಅಯಸ್ಕಾಂತ ಹಿಡಿದು ‘ಅಂಟುವುದಿಲ್ಲ, ಹಾಗಾಗಿ 304’ ಎಂದು ತೋರಿಸುವ ಅಂಗಡಿಯವರನ್ನು ನಂಬಬೇಡಿ: 202, 304 ಎರಡಕ್ಕೂ ಅದು ಸರಿಯಾಗಿ ಅಂಟದು. ಬಿಲ್‌ನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಒಳ್ಳೆಯ ಪೈಪನ್ನೂ ಕೆಲಸಗಾರಿಕೆ ಕೆಡಿಸುತ್ತದೆ. ಮಾಮೂಲಿ ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಸ್ಟೀಲಿಗೂ ಬಳಸಿದರೆ ಕಬ್ಬಿಣದ ಕಣಗಳು ಅಂಟಿ, ಮೊದಲ ಮಳೆಗೇ ಕೆಂಪಾಗುತ್ತವೆ. ವೆಲ್ಡಿಂಗ್ ಸುತ್ತಲಿನ ನೀಲಿ-ಕಂದು ಬಣ್ಣವನ್ನು ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೆಗೆದು, ಧಾರಾಳ ನೀರಿನಲ್ಲಿ ತೊಳೆಯಬೇಕು. ಪೇಸ್ಟ್‌ನಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ತಕ್ಕ ಕೈಗವಸು, ಕನ್ನಡಕ ಇಲ್ಲದೆ ಯಾರೂ ಮುಟ್ಟಕೂಡದು.

ಮಳೆ ಬೀಳದ ಸೂರಿನಡಿಯ ಭಾಗದಲ್ಲೇ ಉಪ್ಪು ಹೆಚ್ಚು ಕೂರುತ್ತದೆ. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಒರೆಸಿ. ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ಆ್ಯಸಿಡ್, ಕಬ್ಬಿಣದ ನಾರು ದೂರವಿಡಿ.

– ಫ್ಯಾಬ್ರಿಕೇಶನ್ ಕೆಲಸಗಾರರು, ಉಡುಪಿ