ಮಕ್ಕಳು ಯಾರಿಗೋಸ್ಕರ ಓದುತ್ತಾರೆ?

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಮಗಳು ನಿಮ್ಮನ್ನು ಖುಷಿಪಡಿಸಲು ಓದುತ್ತಾಳೆ, ತನಗೋಸ್ಕರ ಅಲ್ಲ ಅಂತ ಚಿಂತೆ ಮಾಡಿದ್ದೀಯ. ಮೇಷ್ಟ್ರಾದ ಹೊಸದರಲ್ಲಿ ನನಗೂ ಅದು ತಪ್ಪು ಅನ್ನಿಸುತ್ತಿತ್ತು. ಈಗ ಅಷ್ಟು ಸುಲಭವಾಗಿ ತಪ್ಪು ಅನ್ನಲಾರೆ.

ಮನೋವಿಜ್ಞಾನಿಗಳಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನನ್ನು ತುಂಬಾ ಕಾಡಿದೆ. ಸ್ಯಾನ್ ಫ್ರಾನ್ಸಿಸ್ಕೋದ 7ರಿಂದ 9 ವರ್ಷದ ಮಕ್ಕಳಿಗೆ ಚದುರಿದ ಅಕ್ಷರ ಜೋಡಿಸಿ ಪದ ಮಾಡುವ ಆಟ ಕೊಟ್ಟರು. ಕೆಲವರಿಗೆ, ಯಾವ ಗುಂಪಿನ ಪದ ಬೇಕೋ ನೀನೇ ಆರಿಸಿಕೋ ಎಂದರು. ಕೆಲವರಿಗೆ ಪ್ರಯೋಗ ಮಾಡುವವರೇ ಆರಿಸಿ ಕೊಟ್ಟರು. ಇನ್ನು ಕೆಲವರಿಗೆ, ಇದು ನಿಮ್ಮಮ್ಮ ಆರಿಸಿದ್ದು ಎಂದರು. ಯುರೋಪ್ ಮೂಲದ ಅಮೆರಿಕನ್ ಮಕ್ಕಳು ತಾವೇ ಆರಿಸಿದಾಗ ಎಲ್ಲಕ್ಕಿಂತ ಚೆನ್ನಾಗಿ ಮಾಡಿದರು. ಚೀನಾ, ಜಪಾನ್‌ನಿಂದ ಬಂದು ನೆಲೆಸಿದವರ ಮಕ್ಕಳು ಚೆನ್ನಾಗಿ ಮಾಡಿದ್ದು ಅಮ್ಮ ಆರಿಸಿದ್ದು ಎಂದಾಗ! ಅವರಲ್ಲೊಬ್ಬ ಹುಡುಗಿ ಹೋಗುವಾಗ, ಅಮ್ಮ ಹೇಳಿದ ಹಾಗೇ ಮಾಡಿದೆ ಅಂತ ಅವಳಿಗೆ ತಿಳಿಸಿ ಎಂದು ಕೇಳಿಕೊಂಡಳಂತೆ.

ಇದು ಬರೀ ಹೇಳಿದ ಮಾತು ಕೇಳುವ ಅಭ್ಯಾಸ ಅಂದುಕೊಳ್ಳಬೇಡ. ಗುರುತಿಲ್ಲದವರು ಆರಿಸಿ ಕೊಟ್ಟಾಗ ಆ ಮಕ್ಕಳೂ ಹಿಂದೆ ಬಿದ್ದರು. ಅಮ್ಮ ಅವರಿಗೆ ಹೊರಗಿನವಳಲ್ಲ, ಅಷ್ಟೇ.

ಸೋಲಿನ ವಿಷಯದಲ್ಲೂ ಹೀಗೇ. ಮನೋವಿಜ್ಞಾನಿ ಸ್ಟೀವನ್ ಹೈನೆ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಪಾನಿನ ವಿದ್ಯಾರ್ಥಿಗಳು ಸೋತ ಕೆಲಸಕ್ಕೇ ಜಾಸ್ತಿ ಹೊತ್ತು ಅಂಟಿಕೊಂಡರು. ಉತ್ತರ ಅಮೆರಿಕದವರು ಗೆದ್ದ ಕೆಲಸಕ್ಕೆ. ಹಾಗಿರುವಾಗ ಎಲ್ಲರಿಗೂ ಸುಮ್ನೆ 'ಶಭಾಷ್' ಅಂದರೆ ಸಾಕಾಗುತ್ತದಾ?

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಪ್ರಾಜೆಕ್ಟ್‌ಗೆ ನಿನಗಿಷ್ಟವಾದ ವಿಷಯ ಆರಿಸಿಕೋ ಅಂದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಆಸಕ್ತಿ ಇಲ್ಲ ಅಂತ ನಾನೇ ಬರೆದಿಟ್ಟಿದ್ದೆ. ಒಂದು ದಿನ, ನಿಮ್ಮಕ್ಕನನ್ನು ಕೇಳಿಕೊಂಡು ಬಾ ಅಂದೆ. ಎರಡೇ ದಿನದಲ್ಲಿ ಹನ್ನೊಂದು ಪುಟ ಬರೆದು ತಂದ. ಅವನ ಬಗ್ಗೆ ಹಾಗೆ ಬರೆದದ್ದು ನನಗೆ ಈಗಲೂ ನೋವು.

ಹೆದರಿಕೆಯಿಂದ ಓದುವ ಮಗು ಬೇರೆ, ಅದನ್ನು ನಾನು ಒಪ್ಪುವುದಿಲ್ಲ. ಅಂಕ ಕಡಿಮೆ ಬಂದರೆ ಮನೆಗೆ ಹೋಗಲು ಅಂಜುವ ಮಕ್ಕಳನ್ನೂ ನೋಡಿದ್ದೇನೆ. ನಿನ್ನ ಮಗಳು ಹಾಗಲ್ಲ, ಅಲ್ವಾ? ಉತ್ತರ ತಪ್ಪಾದರೂ ಓಡಿ ಬಂದು ತೋರಿಸುತ್ತಾಳೆ ಅಂತ ನೀನೇ ಬರೆದಿದ್ದೀಯ.

ಇನ್ನೊಮ್ಮೆ ಬಂದಾಗ 'ನಿನಗೋಸ್ಕರ ಓದು' ಅಂತ ವಾಪಸ್ ಕಳಿಸಬೇಡ. ಪಕ್ಕದಲ್ಲಿ ಕೂರಿಸಿಕೊಂಡು ನೋಡು. ಆಮೇಲೆ ನನಗೆ ಬರೆ.

ನಿನ್ನ ಗೆಳೆಯ