ಎಚ್‌ಐವಿ ಸೋಂಕಿತರ ಆರೋಗ್ಯ ವಿಮೆ: ಕೇಂದ್ರ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಗೌರವಪೂರ್ವಕ ವಂದನೆಗಳು.

ಸರ್ಕಾರವು 2004ರ ಏಪ್ರಿಲ್‌ನಿಂದ ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಅವನ್ನು ತಪ್ಪದೆ ನುಂಗುವ ಬಹುಪಾಲು ಮಂದಿಯ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗುತ್ತದೆ. ಅವರು ದಶಕಗಟ್ಟಲೆ ದುಡಿದು ಬಾಳುತ್ತಾರೆ. ಹಾಗೆ ಬಾಳುವವರಿಗೆ ಎಲ್ಲರಂತೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ, ಹೃದಯವೋ ಮೂತ್ರಪಿಂಡವೋ ಕೈಕೊಡುವುದೂ ಉಂಟು. ಎಆರ್‌ಟಿ ಕೇಂದ್ರದ ಹೊರಗೆ ಬೀಳುವ ಈ ಆಸ್ಪತ್ರೆ ಖರ್ಚಿನ ಬಗ್ಗೆ ತಮ್ಮ ಗಮನ ಸೆಳೆಯಬಯಸುತ್ತೇನೆ.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 3ನೇ ಸೆಕ್ಷನ್, ವಿಮೆ ನಿರಾಕರಿಸುವುದನ್ನು ತಾರತಮ್ಯವೆಂದೇ ಎಣಿಸುತ್ತದೆ. ಆದರೆ ವಿಮಾಗಣಿತದ, ಅಂದರೆ ಅಂಕಿಅಂಶಗಳಿಂದ ಅಪಾಯವನ್ನು ಅಳೆಯುವ, ಅಧ್ಯಯನದ ಆಧಾರವಿದ್ದರೆ ನಿರಾಕರಿಸಬಹುದೆಂಬ ವಿನಾಯಿತಿಯನ್ನೂ ಅಲ್ಲೇ ಸೇರಿಸಿದೆ. ಆ ಅಧ್ಯಯನ ಯಾವ ಕಾಲದ್ದು, ಚಿಕಿತ್ಸೆ ಪಡೆಯುತ್ತಿರುವವರನ್ನು ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಎಂಬುದನ್ನು ಅರ್ಜಿದಾರರಿಗೆ ತೋರಿಸಬೇಕೆಂದು ಆ ಸೆಕ್ಷನ್ ಹೇಳುವುದಿಲ್ಲ. ಮಾತ್ರೆ ಸಿಗದೆ ಜನ ಸಾಯುತ್ತಿದ್ದ ಕಾಲದ ಅಂಕಿಗಳಿಂದ ಇಂದಿನ ಅಪಾಯವನ್ನು ಅಳೆದರೆ ಅದನ್ನು ಗಣಿತವೆನ್ನಲು ನನಗೆ ಮನಸ್ಸು ಬಾರದು.

ಸೋಂಕಿತರಿಗಾಗಿ ಪಾಲಿಸಿ ತರಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ಆದೇಶಿಸಿದ್ದು ಸ್ವಾಗತಾರ್ಹ. ಆದರೆ ಅದೇ ಪಾಲಿಸಿಯ ಕಾರ್ಡನ್ನು ಆಸ್ಪತ್ರೆಯ ಕೌಂಟರಿನಲ್ಲಿ ಮುಂದಿಟ್ಟರೆ ಕಾಯಿಲೆಯ ಹೆಸರನ್ನೂ ಹೇಳಿದಂತಾಗುವ ಭಯವಿದೆ. ಅರ್ಜಿಯಲ್ಲಿ ಸೋಂಕನ್ನು ಮುಚ್ಚಿಟ್ಟರೆ ಮುಂದೆ ಕ್ಲೇಮು ತಿರಸ್ಕೃತವಾಗಬಹುದು. ಹೇಳಿದರೆ, ವಿಶೇಷವಾಗಿ ಉದ್ಯೋಗದಾತರು ಮಾಡಿಸಿದ ಗುಂಪು ವಿಮೆಯಲ್ಲಿ, ನಗದುರಹಿತ ಚಿಕಿತ್ಸೆಗಾಗಿ ಹೋಗುವ ಕಾಗದ ಯಾರ ಯಾರ ಮೇಜು ಹಾದುಬರುತ್ತದೆಂಬುದು ರೋಗಿಗೆ ತಿಳಿಯುವುದಿಲ್ಲ. ಈ ಅಂಜಿಕೆಯಿಂದಲೇ ಎಷ್ಟೋ ಜನ ವಿಮೆಯಿದ್ದೂ ಕೈಯಿಂದಲೇ ಹಣ ಕಟ್ಟುತ್ತಾರೆ.

ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಎಆರ್‌ಟಿ ಚಿಕಿತ್ಸೆ ಒದಗಿಸುವ ಸರ್ಕಾರದ ಹೊಣೆಗೆ ಅಂಟಿಸಿರುವ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಪದಗಳನ್ನು ತೆಗೆದುಹಾಕಬೇಕು. ಔಷಧಿಯ ದಾಸ್ತಾನು ಮುಗಿದ ದಿನ ರೋಗಿಗೆ ಎದುರಾಗುವುದು ಈ ಪದಗಳೇ, ಮತ್ತು ಡೋಸು ತಪ್ಪುತ್ತ ಹೋದರೆ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ.

ತಿದ್ದುಪಡಿಗೆ ಸಂಸತ್ತಿನ ಕಾಲಾವಕಾಶ ಬೇಕೆಂಬುದನ್ನು ಬಲ್ಲೆ. ವಿಮೆಯ ವಿಷಯ ಹಣಕಾಸು ಸಚಿವಾಲಯಕ್ಕೆ ಸೇರಿದ್ದೆಂಬ ಉತ್ತರವನ್ನೂ ನಿರೀಕ್ಷಿಸಿದ್ದೇನೆ. ಆದರೂ ಸೋಂಕಿತರ ಅರ್ಜಿ ತಿರಸ್ಕರಿಸುವ ಪ್ರತಿ ಕಂಪನಿಯೂ ತಾನು ಆಧರಿಸಿದ ಅಧ್ಯಯನವನ್ನು ಲಿಖಿತವಾಗಿ ಕೊಡುವಂತೆ ಮಾಡಲು ಒಂದು ಸುತ್ತೋಲೆ ಸಾಕು. ತಾವು ಆ ಸಚಿವಾಲಯದೊಡನೆ ಮಾತಾಡಿ ಅದನ್ನು ಮೊದಲು ಹೊರಡಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ